ತಾಯಿಯ ಊಟ ಮತ್ತು ಊರಿನ ಕಣಜ

(ದೊಡ್ಡೇರಿ ಹೋಬಳಿಯ ದಂಪತಿಗಳಿಗಾಗಿ ಮಾಡಿದ ಭಾಷಣ)



ಇಂದು ನಾನು ನಿಮ್ಮೊಡನೆ ಔಷಧಿಯ ವಿಷಯ ಮಾತನಾಡಲು ಬಂದಿಲ್ಲ. ಅಡುಗೆಯ ವಿಷಯ ಮಾತನಾಡಲು ಬಂದಿದ್ದೇನೆ. ಗಂಡಹೆಂಡಿರು ಇಬ್ಬರೂ ಬರಬೇಕೆಂದು ಹೇಳಿಕಳುಹಿಸಿದಾಗ, ಅಡುಗೆಗೂ ಗಂಡಸರಿಗೂ ಏನು ಸಂಬಂಧವೆಂದು ಕೆಲವರು ನಕ್ಕರಂತೆ. ಆ ಸಂಬಂಧ ಏನೆಂಬುದನ್ನು ಹೇಳುವುದೇ ನನ್ನ ಉದ್ದೇಶ.

ನಿಮ್ಮ ಮನೆಯ ರಾತ್ರಿಯ ಊಟದ ಹೊತ್ತನ್ನು ಮನಸ್ಸಿಗೆ ತಂದುಕೊಳ್ಳಿ. ಮಾವನವರು ಕುಳಿತರು, ಮಗ ಕುಳಿತ, ಮಕ್ಕಳು ಕುಳಿತವು. ಬಿಸಿ ಮುದ್ದೆ ತಟ್ಟೆಗೆ ಬಂದಿತು. ಬಸ್ಸಾರು ಮಾಡಿದ ದಿನವಾದರೆ ಪಲ್ಯವೂ ಬಂದಿತು. ಅವರೆಲ್ಲ ಎದ್ದ ಮೇಲೆ ಅತ್ತೆ ಉಂಡರು. ಎಲ್ಲರಿಗಿಂತ ಕೊನೆಗೆ, ಪಾತ್ರೆಯ ತಳಕ್ಕೆ ಅಂಟಿದ ಹಿಟ್ಟನ್ನು ಕೆರೆದುಕೊಂಡು, ಉಳಿದ ತಿಳಿಸಾರಿನಲ್ಲಿ ಕಲಸಿಕೊಂಡು ಸೊಸೆ ಉಂಡಳು. ಆ ಸೊಸೆಗೆ ಆಗ ಆರು ತಿಂಗಳು. ಆಕೆಯನ್ನು ಉಪವಾಸ ಕೆಡವಬೇಕೆಂದು ಆ ಮನೆಯಲ್ಲಿ ಯಾರೂ ಬಯಸಿರಲಿಲ್ಲ. ಅತ್ತೆಯೂ ಒಂದು ಕಾಲಕ್ಕೆ ಹಾಗೆಯೇ ಉಂಡವರು. ತಟ್ಟೆಯಲ್ಲಿ ಏನು ಉಳಿಯಿತೆಂದು ಯಾರೂ ನೋಡಲಿಲ್ಲ, ಅಷ್ಟೆ.

2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ರಕ್ತಹೀನತೆ ಇರುವ ತಾಯಿಗೆ ಹೆರಿಗೆಯಲ್ಲಿ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಕುತ್ತಾಗಬಹುದು. ಅವಳ ಮಗು ತೂಕವಿಲ್ಲದೆ ಹುಟ್ಟಬಹುದು. ಬಸುರಿ ಕಡಿಮೆ ಉಂಡರೆ ಮಗು ಸಣ್ಣದಾಗಿ ಹೆರಿಗೆ ಸುಲಭವಾಗುವುದೆಂದು ಹೇಳುವವರು ಇಂದಿಗೂ ಇದ್ದಾರೆ. ಸಣ್ಣ ಮಗು ಎಂದರೆ ದುರ್ಬಲ ಮಗು. ಈ ಮಾತನ್ನು ದಯವಿಟ್ಟು ಬಿಟ್ಟುಬಿಡಿ.

ಹಾಗಾದರೆ ಬಸುರಿಗೆ ಎಷ್ಟು ಹೆಚ್ಚು ಬೇಕು? ಮೊದಲು ಉಣ್ಣುತ್ತಿದ್ದುದಕ್ಕಿಂತ ದಿನಕ್ಕೆ ಸುಮಾರು 350 ಕ್ಯಾಲೊರಿ ಹೆಚ್ಚು ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, 100 ಗ್ರಾಂ ರಾಗಿಹಿಟ್ಟಿನ ಒಂದು ಮುದ್ದೆ, ಅದಕ್ಕೊಂದು ಬಟ್ಟಲು ಕಾಳಿನ ಸಾರು. ಮೊಲೆಯೂಡಿಸುವ ತಾಯಿಗೆ ಮೊದಲ ಆರು ತಿಂಗಳು ಸುಮಾರು 600 ಕ್ಯಾಲೊರಿ ಹೆಚ್ಚು ಬೇಕು: ಆ ಮುದ್ದೆಯ ಜೊತೆಗೆ ಒಂದು ಹಿಡಿ ಕಡಲೆಕಾಯಿ ಬೀಜ, ಒಂದು ಲೋಟ ಹಾಲು. ಇದು ಸಾಹುಕಾರರ ಊಟವಲ್ಲ. ಇದಕ್ಕಾಗಿ ಪೇಟೆಯಿಂದ ಡಬ್ಬದ ಪುಡಿಯನ್ನು ತರಬೇಕಾದುದಿಲ್ಲ. ಆ ಡಬ್ಬಕ್ಕೆ ಕೊಡುವ ಹಣದಲ್ಲಿ ಎಷ್ಟು ಮೊಟ್ಟೆ ಬರುತ್ತದೆಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಈ ನೆಲ ಮಳೆಗೆ ಬಡವಾದರೂ ಬೆಳೆಗೆ ಬಡವಲ್ಲ. ರಾಗಿ, ಹುರುಳಿ, ಅವರೆ, ತೊಗರಿ, ಅಲಸಂದೆ, ಕಡಲೆಕಾಯಿ ಎಲ್ಲವೂ ಇಲ್ಲಿಯವೇ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸುಣ್ಣದ ಅಂಶ ಬಹು ಕಡಿಮೆ. 100 ಗ್ರಾಂ ರಾಗಿಯಲ್ಲಾದರೋ ಸುಮಾರು 350 ಮಿಲಿಗ್ರಾಂ ಇರುತ್ತದೆ. ಮಗುವಿನ ಮೂಳೆ ಕಟ್ಟುವುದು ಇದರಿಂದಲೇ. ನೆಂಟರು ಬಂದಾಗ ಮುದ್ದೆ ಮುಚ್ಚಿಟ್ಟು ಅನ್ನ ಬಡಿಸುವ ಸಂಕೋಚ ನಮಗೇಕೆ ಬಂತೋ ತಿಳಿಯದು.

ಸೊಪ್ಪಿನ ವಿಷಯಕ್ಕೆ ಬರೋಣ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹೊಲದ ಸಾಲುಗಳಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಕೀರೆಸೊಪ್ಪು ತಾವಾಗಿಯೇ ಏಳುತ್ತವೆ. ಕೆರೆಯಂಚಿನಲ್ಲಿ ಹೊನಗೊನೆ ಸಿಗುತ್ತದೆ. ಇವನ್ನೆಲ್ಲ ಕಲೆಸಿ ಮಾಡುವ ಬೆರಕೆ ಸೊಪ್ಪಿನ ಸಾರನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕಳೆನಾಶಕ ಸಿಂಪಡಿಸಿದ ಹೊಲದ ಸೊಪ್ಪನ್ನು ಮಾತ್ರ ಮುಟ್ಟಬೇಡಿ. ಬೇಸಗೆಯಲ್ಲಿ ಹೊಲ ಒಣಗಿದಾಗ ಹಿತ್ತಲಿನ ನುಗ್ಗೆಮರವೊಂದು ಇದ್ದರೆ ಸಾಕು, ಅದರ ಸೊಪ್ಪು ಕೈಬಿಡುವುದಿಲ್ಲ. ಮುಸುರೆ ತೊಳೆದ ನೀರು ಹರಿದುಹೋಗುವ ಮೂಲೆಯಲ್ಲಿ ಒಂದು ನುಗ್ಗೆ, ಒಂದು ಪರಂಗಿ, ಒಂದು ನಿಂಬೆಗಿಡ ನೆಡಲು ಯಾವ ಇಲಾಖೆಯ ಅನುಮತಿಯೂ ಬೇಡ.

ಸೊಪ್ಪನ್ನು ತೊಳೆದು ಆಮೇಲೆ ಹೆಚ್ಚಿರಿ. ಹೆಚ್ಚಿ ತೊಳೆದರೆ ಸತ್ವ ನೀರಿನೊಡನೆ ಹೋಗುತ್ತದೆ. ನಮ್ಮ ಹಿರಿಯರ ಬಸ್ಸಾರು ಈ ದೃಷ್ಟಿಯಿಂದ ಬಹು ಜಾಣತನದ ಅಡುಗೆ. ಕಾಳು, ಸೊಪ್ಪುಗಳನ್ನು ಬೇಯಿಸಿ ಬಸಿದ ಕಟ್ಟನ್ನು ಚೆಲ್ಲದೆ, ಅದಕ್ಕೆ ಬೆಳ್ಳುಳ್ಳಿ, ಜೀರಿಗೆ, ಮೆಣಸಿನಕಾಯಿ, ಹುಣಸೆಹಣ್ಣು ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಬೆಂದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟು ಪಲ್ಯ ಮಾಡುತ್ತೇವೆ. ಆದರೆ ಇದರಲ್ಲಿ ಒಂದು ತೊಡಕಿದೆ. ಸಸಾರಜನಕ ಇರುವ ಕಾಳು ಬಹುಮಟ್ಟಿಗೆ ಪಲ್ಯದಲ್ಲಿ ಉಳಿಯುತ್ತದೆ, ಪಲ್ಯ ಮೊದಲು ಕುಳಿತವರ ತಟ್ಟೆಯಲ್ಲಿ ಮುಗಿಯುತ್ತದೆ. ಕೊನೆಗೆ ಉಣ್ಣುವವಳಿಗೆ ಸಿಗುವುದು ಕಟ್ಟಿನ ಸಾರು ಮಾತ್ರ. ಆದ್ದರಿಂದ ಮನೆಯಲ್ಲಿ ಬಸುರಿಯೋ ಬಾಣಂತಿಯೋ ಇರುವಾಗ ಬಸ್ಸಾರಿಗಿಂತ ಮಸ್ಸೊಪ್ಪು ಲೇಸು. ಬೇಳೆ, ಸೊಪ್ಪುಗಳನ್ನು ಒಟ್ಟಿಗೆ ಮಸೆದ ಮೇಲೆ ಯಾರೂ ಬೇರ್ಪಡಿಸಲಾರರು. ಕೊನೆಯ ಸೌಟಿನಲ್ಲಿಯೂ ಬೇಳೆ ಇರುತ್ತದೆ. ಬಸ್ಸಾರೇ ಆಗಬೇಕೆಂದರೆ ಪಲ್ಯ ಬಡಿಸುವುದಕ್ಕೆ ಮುಂಚೆ ಅವಳ ಪಾಲನ್ನು ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಗಂಡಸರೇ, ಇಲ್ಲಿ ನಿಮ್ಮ ಕೆಲಸವಿದೆ. ಆ ಬಟ್ಟಲು ತೆಗೆದಿಟ್ಟಾಯಿತೇ ಎಂದು ಕೇಳುವುದು ನಿಮ್ಮ ಬಾಯಿಂದ ಬರಬೇಕು. ಸೊಸೆ ತನಗೆ ತಾನೇ ತೆಗೆದಿಟ್ಟುಕೊಂಡರೆ ಊರು ಮಾತನಾಡುತ್ತದೆ. ಮಗ ಕೇಳಿದರೆ ಅತ್ತೆಯೇ ತೆಗೆದಿಡುತ್ತಾರೆ.

ಸೊಪ್ಪು, ರಾಗಿಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಊಟದ ಹೊತ್ತಿಗೆ ನಿಂಬೆರಸ ಹಿಂಡಿಕೊಂಡರೆ, ಒಂದು ಸೀಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ತಿಂದರೆ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಟೀ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಆಹಾರ ಎಷ್ಟೇ ಚೆನ್ನಾಗಿದ್ದರೂ ಬಸುರಿಗೆ ಕಬ್ಬಿಣಾಂಶದ ಮಾತ್ರೆ ಬೇಕೇ ಬೇಕು: ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಮಲ ಕಪ್ಪಾಗುವುದನ್ನು ಕಂಡು ಹೆದರಿ ಮಾತ್ರೆಯನ್ನು ಗೋಡೆಯ ಗೂಡಿನಲ್ಲಿ ಬಚ್ಚಿಡುವವರಿದ್ದಾರೆ. ಅದರಿಂದ ಯಾವ ಅಪಾಯವೂ ಇಲ್ಲ. ಮಾತ್ರೆ ಬಿಡದೆ ನುಂಗಿ.

ಕಡಲೆಕಾಯಿ ಬೆಳೆಯುವ ಮನೆಗಳಲ್ಲಿ ಒಂದು ವಿಚಿತ್ರ ನೋಡುತ್ತೇನೆ. ಮೂಟೆಗಟ್ಟಲೆ ಕಾಯಿ ಮಂಡಿಗೆ ಹೋಗುತ್ತದೆ. ಅದೇ ಗಾಡಿಯಲ್ಲಿ ಮಕ್ಕಳಿಗೆಂದು ಬಿಸ್ಕತ್ತಿನ ಪೊಟ್ಟಣ ಬರುತ್ತದೆ. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ ಸಸಾರಜನಕ ಇದೆ. ಮಾರುವ ಮುಂಚೆ ಮನೆಗೆ ಒಂದು ಮೂಟೆ ಇಟ್ಟುಕೊಳ್ಳಿ. ಚೆನ್ನಾಗಿ ಒಣಗಿಸಿ ಇಡಿ. ಬೂಷ್ಟು ಹಿಡಿದ ಬೀಜ ಯಕೃತ್ತಿಗೆ ವಿಷ, ಅದನ್ನು ಆರಿಸಿ ಎಸೆಯಿರಿ.

ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಅನಂತರ ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದ ರಾಗಿಯ ಸರಿ ಕೊಡಿ. ಮೊಳಕೆಯ ಹಿಟ್ಟಿನ ಸರಿ ಬೇಗ ಗಟ್ಟಿಯಾಗುವುದಿಲ್ಲವಾದುದರಿಂದ ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಹಿಟ್ಟು ಸೇರುತ್ತದೆ.

ಈ ಸೀಮೆಗೇ ಸಂಬಂಧಿಸಿದ ಇನ್ನೊಂದು ಮಾತು. ಪಾವಗಡ, ಸಿರಾ, ಮಧುಗಿರಿಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿ ಇದೆ. ಹಲ್ಲಿನ ಮೇಲೆ ಕಂದುಗೆರೆ, ನಡುವಯಸ್ಸಿನಲ್ಲಿಯೇ ಬಾಗದ ಬೆನ್ನು, ಮಡಿಸಲಾರದ ಮಂಡಿ: ಇವು ನೀವು ಕಂಡವೇ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದು, ಕುಡಿಯಲು ಮಾತ್ರ ಅದನ್ನು ಬಳಸಿ, ಅಡುಗೆಗೆ ಕೊಳವೆಬಾವಿಯ ನೀರನ್ನೇ ಹಾಕುವ ಮನೆಗಳೇ ಹೆಚ್ಚು. ಮುದ್ದೆಯ ಎಸರೂ ಸಾರಿನ ನೀರೂ ಹೊಟ್ಟೆಗೇ ಹೋಗುತ್ತವಲ್ಲವೇ? ಅಡುಗೆಗೂ ಘಟಕದ ನೀರನ್ನೇ ಬಳಸಿ. ಇನ್ನೆರಡು ಕ್ಯಾನು ಹೆಚ್ಚು ಹೊರುವ ಕೆಲಸವನ್ನು ಬಸುರಿಯ ಸೊಂಟಕ್ಕೆ ಹಾಕಬೇಡಿ, ಬೈಸಿಕಲ್ಲೋ ಬೈಕೋ ಇರುವವರು ತನ್ನಿ.

ಇಷ್ಟೆಲ್ಲ ಮಾಡಿದರೂ ಕೂಲಿ ಸಿಗದ ದಿನಗಳಲ್ಲಿ, ಬೆಳೆ ಒಣಗಿದ ವರ್ಷಗಳಲ್ಲಿ ಒಂದು ಮನೆಯ ಕೈ ಸಾಲದು. ಆಗ ಊರು ಕೈಗೂಡಿಸಬೇಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ ಮೊದಲ ಅಂಗನವಾಡಿಗಳು ತೆರೆದವು. 2017ರಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿಯೇ ಮಧ್ಯಾಹ್ನದ ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆಯನ್ನು ಮೊದಲು ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಮಾಡಿ ನೋಡಿದರು. ಅವುಗಳಲ್ಲಿ ನಮ್ಮ ಮಧುಗಿರಿಯೂ ಒಂದು. ಅದೇ ವರ್ಷ ಅಕ್ಟೋಬರ್ 2ರಂದು ಅದು ರಾಜ್ಯಕ್ಕೆಲ್ಲ ವಿಸ್ತರಿಸಿತು. ಅನ್ನ, ತರಕಾರಿ ಹಾಕಿದ ಸಾಂಬಾರು, ಬೇಯಿಸಿದ ಮೊಟ್ಟೆ, ಹಾಲು, ಕಡಲೆಕಾಯಿ ಬೆಲ್ಲದ ಚಿಕ್ಕಿ. ತಿಂಗಳಿಗೆ 25 ದಿನ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು.

ಊಟ ಸಿದ್ಧವಾಯಿತು, ಉಣ್ಣಬೇಕಾದವರು ಬರಲಿಲ್ಲ. ಹೊಲದ ಮನೆಯಿಂದ ಬಿಸಿಲಿನಲ್ಲಿ ನಡೆಯುವುದು ಕಷ್ಟವೆಂದು ಕೆಲವರು. ಹಸಿಬಾಣಂತಿ ಹೊಸಿಲು ದಾಟಬಾರದೆಂದು ಕೆಲವರು. ಯಾರ ಪಕ್ಕದಲ್ಲಿ ಕೂರಬೇಕಾಗುವುದೋ ಎಂದು ಇನ್ನು ಕೆಲವರು. ಮೊದಲ ಎರಡು ಕಾರಣಗಳನ್ನು ನಾನು ಒಪ್ಪುತ್ತೇನೆ. ಅವುಗಳಿಗೆ ದಾರಿ ಹುಡುಕಬಹುದು. ದೂರವಿರುವವರು, ಹೊಸ ಬಾಣಂತಿಯರು ಏನು ಮಾಡಬೇಕೆಂದು ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಳ್ಳಿ. ಮೂರನೆಯದನ್ನು ಒಪ್ಪಲಾರೆ. ಅಂಗನವಾಡಿಯ ಚಾಪೆಯ ಮೇಲೆ ಎಲ್ಲರ ಹೊಟ್ಟೆಯಲ್ಲಿರುವುದೂ ಈ ಊರಿನ ಮಗುವೇ.

ಇನ್ನೊಂದು ಎಚ್ಚರಿಕೆ. ಆ ಒಂದು ಊಟದಿಂದ ದಿನದ ಅಗತ್ಯದ ಅರ್ಧವೂ ಪೂರೈಸುವುದಿಲ್ಲ. ಅಲ್ಲಿ ಉಂಡು ಬಂದಳೆಂದು ಮನೆಯಲ್ಲಿ ಅವಳ ಮುದ್ದೆಯನ್ನು ಚಿಕ್ಕದು ಮಾಡಿದರೆ ಸರ್ಕಾರದ ಮೊಟ್ಟೆ ಅವಳಿಗಲ್ಲ, ಮನೆಯ ಹಿಟ್ಟಿನ ಡಬ್ಬಕ್ಕೆ ಕೊಟ್ಟಂತಾಯಿತು. ಚಿಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ದೊಡ್ಡ ಮಗುವಿಗೆ ತರುವ ತಾಯಂದಿರ ಮನಸ್ಸು ನನಗೆ ಅರ್ಥವಾಗುತ್ತದೆ. ಆ ಮಗುವಿಗೂ ಅಂಗನವಾಡಿಯಲ್ಲಿ ಪಾಲಿದೆ, ಅದನ್ನೂ ಕರೆದುಕೊಂಡು ಹೋಗಿ. ಎರಡು ಹೆರಿಗೆಗಳ ನಡುವೆ ಮೂರು ವರ್ಷವಾದರೂ ಅಂತರವಿದ್ದರೆ ಒಬ್ಬರ ತಟ್ಟೆಯಿಂದ ಇನ್ನೊಬ್ಬರಿಗೆ ಎತ್ತಿಕೊಡುವ ಈ ಪರಿಸ್ಥಿತಿಯೇ ಕಡಿಮೆಯಾಗುತ್ತದೆ, ತಾಯಿಯ ರಕ್ತವೂ ತುಂಬಿಕೊಳ್ಳುತ್ತದೆ. ಅದರ ವಿಧಾನಗಳನ್ನು ಇಬ್ಬರೂ ಕೂಡಿ ಬಂದು ಆರೋಗ್ಯ ಕೇಂದ್ರದಲ್ಲಿ ಕೇಳಬಹುದು.

ಕೊನೆಯದಾಗಿ ಊರಿನ ಕಣಜದ ಮಾತು. ನಿಮ್ಮ ತಾತಂದಿರ ಕಾಲದಲ್ಲಿ ಹಗೇವುಗಳಿದ್ದವು. ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹೊದಿಸಿ ರಾಗಿ ತುಂಬಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ತೆರೆದ ಕೂಡಲೆ ಇಳಿದರೆ ಉಸಿರುಕಟ್ಟುವುದೆಂದು ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಬರದ ವರ್ಷ ಆ ಹಗೇವೇ ಜೀವ ಉಳಿಸುತ್ತಿತ್ತು. ತೆಲಂಗಾಣದ ಜಹೀರಾಬಾದಿನ ಸುತ್ತಮುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ತಮ್ಮ ಹೊಲದ ಜೋಳವನ್ನೇ ಕೂಡಿಸಿಟ್ಟು ಊರಿನ ಬಡವರಿಗೆ ಕೊಡುವ ಧಾನ್ಯನಿಧಿಯನ್ನು ನಡೆಸಿ ತೋರಿಸಿದವು. ನಿಮ್ಮ ಸ್ತ್ರೀಶಕ್ತಿ ಸಂಘಕ್ಕೂ ಇದು ಅಸಾಧ್ಯವಲ್ಲ. ಸುಗ್ಗಿಯಲ್ಲಿ ಮನೆಗೆ ನಾಲ್ಕು ಸೇರು ರಾಗಿ, ಒಂದು ಸೇರು ಹುರುಳಿ ಕೂಡಿಸಿ. ಚೆನ್ನಾಗಿ ಒಣಗಿಸಿ, ಬೇವಿನ ಸೊಪ್ಪು ಹಾಕಿ, ಇಲಿ ಬಾರದ ಡ್ರಮ್ಮಿನಲ್ಲಿ ಇಡಿ. ಬೀಗದ ಕೈ ಒಬ್ಬರ ಬಳಿ, ಲೆಕ್ಕದ ಪುಸ್ತಕ ಇನ್ನೊಬ್ಬರ ಬಳಿ ಇರಲಿ. ಬೇಸಗೆಯಲ್ಲಿ ಪಡೆದವರು ಮುಂದಿನ ಸುಗ್ಗಿಗೆ ಹತ್ತಕ್ಕೆ ಹನ್ನೊಂದರಂತೆ ಹಿಂದಿರುಗಿಸಲಿ. ಬಸುರಿ, ಬಾಣಂತಿ ಇರುವ ಮನೆಗೆ ಮೊದಲ ಹಕ್ಕು ಎಂದು ಪುಸ್ತಕದ ಮೊದಲ ಹಾಳೆಯಲ್ಲಿಯೇ ಬರೆಯಿರಿ. ಮಳೆ ತಪ್ಪಿ ಹಿಂದಿರುಗಿಸಲಾಗದವರ ಹೆಸರನ್ನು ಸಭೆಯಲ್ಲಿ ಕೂಗಬೇಡಿ. ಇನ್ನೊಂದು ಸುಗ್ಗಿಯವರೆಗೆ ಕಾಯಿರಿ.

ರಾಗಿ ಕುಯ್ಲಿಗೆ ಇನ್ನು ಕೆಲವೇ ವಾರಗಳಿವೆ. ಡ್ರಮ್ಮು ಯಾರ ಮನೆಯ ಪಡಸಾಲೆಯಲ್ಲಿ ಇಡಬೇಕೆಂಬುದನ್ನು ಇಲ್ಲಿ ಕುಳಿತಿರುವಾಗಲೇ ಗಂಡಹೆಂಡಿರು ಮಾತನಾಡಿಕೊಳ್ಳಿ, ನಾನು ಕಾಯುತ್ತೇನೆ.