ಹುಡುಕಿದವರಿಗೆ ಸಿಗುವಂತೆ ಪ್ರಕಟಣೆ ಬರೆಯುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ)



ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಗೆ ಗ್ರಾಮ ಸಭೆ ಕರೆಯಲಾಗುತ್ತದೆ. ತಿಳಿವಳಿಕೆ ಪತ್ರವನ್ನು ಸೂಚನಾ ಫಲಕಕ್ಕೆ ಅಂಟಿಸಿ, ಅದನ್ನೇ ಸ್ಕ್ಯಾನ್ ಮಾಡಿ ಜಾಲತಾಣಕ್ಕೂ ಏರಿಸಲಾಗುತ್ತದೆ. ಕಡತದಲ್ಲಿ ‘ಪ್ರಚಾರಪಡಿಸಲಾಗಿದೆ’ ಎಂಬ ಷರಾ ದಾಖಲಾಗುತ್ತದೆ. ಆದರೆ ಕೂಲಿಗಾಗಿ ಬೆಂಗಳೂರಿಗೆ ತೆರಳಿರುವ ಅದೇ ಗ್ರಾಮದ ಕುಟುಂಬವೊಂದು ಊರಿನ ಹೆಸರಿನೊಂದಿಗೆ ‘ಮನೆ ಪಟ್ಟಿ’ ಎಂದು ಮೊಬೈಲಿನಲ್ಲಿ ಹುಡುಕಿದರೆ ಆ ಪತ್ರ ಕಾಣಿಸುವುದಿಲ್ಲ. ವಿಷಯ ತಿಳಿಯುವ ವೇಳೆಗೆ ಸಭೆ ಮುಗಿದಿರುತ್ತದೆ.

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4ರಂತೆ ಸಾರ್ವಜನಿಕ ಪ್ರಾಧಿಕಾರವು ಮಾಹಿತಿಯನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕು. ಅದು ಜನರಿಗೆ ಸುಲಭವಾಗಿ ದೊರೆಯುವ ರೂಪದಲ್ಲಿರಬೇಕು. ಸ್ಥಳೀಯ ಭಾಷೆಯನ್ನೂ ಗಮನದಲ್ಲಿರಿಸಿಕೊಳ್ಳಬೇಕು. ಆದ್ದರಿಂದ ಜಾಲತಾಣಕ್ಕೆ ಏರಿಸಿದ ಮಾತ್ರಕ್ಕೆ ಪಂಚಾಯಿತಿಯ ಕರ್ತವ್ಯ ಮುಗಿಯುವುದಿಲ್ಲ.

ಗೂಗಲ್‌ನಂತಹ ಶೋಧಯಂತ್ರವು ಜಾಲಪುಟಗಳನ್ನು ಒಂದೊಂದಾಗಿ ಸಂದರ್ಶಿಸಿ, ಅಲ್ಲಿರುವ ಪದಗಳನ್ನು ಪುಸ್ತಕದ ಕೊನೆಯ ಪದಸೂಚಿಯಂತೆ ದಾಖಲಿಸಿಕೊಳ್ಳುತ್ತದೆ. ಯಾರಾದರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಆರಿಸಿ ಕೊಡುತ್ತದೆ. ಸೂಚಿಗೆ ಸೇರದ ಪುಟ ಹುಡುಕುವವರ ಪಾಲಿಗೆ ಇಲ್ಲದಂತೆಯೇ ಸರಿ. ಈ ಕಾರಣದಿಂದ ಐದು ಅಂಶಗಳನ್ನು ಗಮನಿಸುವುದು ಅಗತ್ಯ.

1. ಅಕ್ಷರವಿರಲಿ, ಚಿತ್ರ ಮಾತ್ರ ಬೇಡ. ಸ್ಕ್ಯಾನ್ ಮಾಡಿದ ಹಾಳೆ ಒಂದು ಛಾಯಾಚಿತ್ರವಷ್ಟೆ. ಶೋಧಯಂತ್ರಗಳು ಚಿತ್ರದೊಳಗಿನ ಅಕ್ಷರಗಳನ್ನು ಓದಲು ಯತ್ನಿಸುತ್ತವೆಯಾದರೂ, ಮೊಹರು ಬಿದ್ದ ಮಸುಕಾದ ಕನ್ನಡ ಹಾಳೆಯಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು. ಸಹಿಯಾದ ಪ್ರತಿಯ ಜೊತೆಗೆ ಅದರ ಸಾರಾಂಶವನ್ನು ಅಕ್ಷರರೂಪದಲ್ಲಿಯೂ ಪುಟದಲ್ಲಿ ಹಾಕಬೇಕು.

2. ಯುನಿಕೋಡ್ ಬಳಸಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಪರದೆಯ ಮೇಲೆ ‘ಕನ್ನಡ’ ಎಂದು ಕಂಡರೂ ಗಣಕದೊಳಗೆ ಇರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು; ಶೋಧಯಂತ್ರ ಓದುವುದೂ ಅವನ್ನೇ. ಪರೀಕ್ಷೆ ಸುಲಭ: ಕಡತದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್ ಸಂದೇಶಕ್ಕೆ ಅಂಟಿಸಿದಾಗ ಕನ್ನಡವಾಗಿಯೇ ಉಳಿದರೆ ಅದು ಯುನಿಕೋಡ್. ಹಳೆಯ ಕಡತಗಳನ್ನು ಬದಲಿಸಿಕೊಳ್ಳಲು ಪರಿವರ್ತಕಗಳು ಲಭ್ಯವಿವೆ.

3. ಶೀರ್ಷಿಕೆಯಲ್ಲಿಯೇ ವಿಷಯ ತಿಳಿಯಬೇಕು. ‘ಪ್ರಕಟಣೆ’ ಅಥವಾ ‘ಸ್ಕ್ಯಾನ್ 001’ ಎಂಬ ಹೆಸರು ಯಾರಿಗೂ ಏನನ್ನೂ ತಿಳಿಸದು. ‘ವಸತಿ ಫಲಾನುಭವಿಗಳ ಆಯ್ಕೆಗೆ ಗ್ರಾಮ ಸಭೆ’ ಎಂದು ಬರೆದು, ಗ್ರಾಮ, ತಾಲ್ಲೂಕು, ಜಿಲ್ಲೆ ಮತ್ತು ದಿನಾಂಕವನ್ನು ಸೇರಿಸಬೇಕು. ಹೊಸಹಳ್ಳಿ ಎಂಬ ಊರುಗಳು ರಾಜ್ಯದಲ್ಲಿ ಹಲವಿವೆ. ತಾಲ್ಲೂಕಿನ ಹೆಸರಿಲ್ಲದಿದ್ದರೆ ಒಂದು ಊರಿನವರಿಗೆ ಮತ್ತೊಂದು ಊರಿನ ಪತ್ರ ಸಿಗುವ ಸಂಭವವಿದೆ.

4. ಮುಖ್ಯ ವಿಷಯ ಮೊದಲು ಬರಲಿ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದನ್ವಯ’ ಎಂದು ಆರಂಭವಾಗುವ ಪತ್ರದಲ್ಲಿ ವಿಷಯ ಹಲವು ಸಾಲುಗಳ ನಂತರ ಬರುತ್ತದೆ. ಏನು, ಎಲ್ಲಿ, ಯಾವಾಗ, ಯಾರಿಗೆ, ಯಾವ ದಾಖಲೆಯೊಂದಿಗೆ ಎಂಬುದು ಮೊದಲ ಎರಡು ವಾಕ್ಯಗಳಲ್ಲಿಯೇ ಇರಬೇಕು.

5. ಜನರ ಮಾತೂ ಇರಲಿ. ಕಚೇರಿಯಲ್ಲಿ ‘ನಮೂನೆ-9’ ಎನ್ನುವುದನ್ನು ಜನರು ‘ಇ-ಖಾತೆ’ ಎಂದು ಹುಡುಕುತ್ತಾರೆ. ಎರಡೂ ಪದಗಳು ಒಮ್ಮೊಮ್ಮೆ ಬಂದರೆ ಸಾಕು. ಒಂದೇ ಪದವನ್ನು ಹತ್ತಾರು ಬಾರಿ ತುಂಬಿಸುವುದರಿಂದ ಪ್ರಯೋಜನವಿಲ್ಲ; ಓದುವವರಿಗೆ ಬೇಸರ, ಶೋಧಯಂತ್ರಕ್ಕೂ ಸಂಶಯ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಸುಲಭವಾಗಿ ಸಿಗುವ ಪುಟದಲ್ಲಿ ಸಿಗಬಾರದ ಮಾಹಿತಿ ಇರಕೂಡದು. ಫಲಾನುಭವಿಗಳ ಪಟ್ಟಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಅಥವಾ ಮೊಬೈಲ್ ಸಂಖ್ಯೆ ಉಳಿದುಬಿಟ್ಟರೆ ಅವು ವಂಚಕರ ಕೈಗೂ ಸಿಗುತ್ತವೆ. ಆಧಾರ್ ಸಂಖ್ಯೆಯನ್ನು ಬಹಿರಂಗವಾಗಿ ಪ್ರಕಟಿಸುವುದನ್ನು ಆಧಾರ್ ಅಧಿನಿಯಮ, 2016ರ ಪ್ರಕರಣ 29 ನಿರ್ಬಂಧಿಸುತ್ತದೆ. ಪ್ರಕಟಿಸುವ ಮುನ್ನ ಆ ಕಲಂಗಳನ್ನು ತೆಗೆದುಹಾಕಬೇಕು.

ಬೆರಳಚ್ಚು ಮಾಡುವುದು ಸಿಬ್ಬಂದಿಯ ಕೆಲಸ. ಅದು ಜನರಿಗೆ ತಲುಪಿತೇ ಎಂದು ಕೇಳುವುದು ಸದಸ್ಯರ ಹಕ್ಕು ಮತ್ತು ಹೊಣೆ. ಪ್ರತಿ ಪ್ರಕಟಣೆಯ ಕೆಲ ದಿನಗಳ ನಂತರ ಸದಸ್ಯರು ತಮ್ಮ ಮೊಬೈಲಿನಲ್ಲಿ, ತಮ್ಮ ವಾರ್ಡಿನ ಜನರು ಆಡುವ ಮಾತಿನಲ್ಲಿಯೇ ಹುಡುಕಿ ನೋಡಬಹುದು. ಸಿಗದಿದ್ದರೆ ಮುಂದಿನ ಸಾಮಾನ್ಯ ಸಭೆಯಲ್ಲಿ ಪ್ರಸ್ತಾಪಿಸಬಹುದು. ಡಂಗುರ, ಸೂಚನಾ ಫಲಕಗಳು ಎಂದಿನಂತೆ ಮುಂದುವರಿಯಲಿ. ಅವುಗಳ ದನಿ ಕೇಳದಷ್ಟು ದೂರ ಹೋಗಿರುವವರಿಗೂ ಊರಿನ ಸುದ್ದಿ ಮುಟ್ಟಲಿ. ಮನೆಗಾಗಿ ಕಾಯುತ್ತಿರುವ ಕುಟುಂಬಕ್ಕೆ ಸಭೆಯ ದಿನಾಂಕ ಸಕಾಲದಲ್ಲಿ ಸಿಕ್ಕಿದರೆ ಈ ಶ್ರಮ ಸಾರ್ಥಕ.