ಹೂಳು ತುಂಬಿದ ಈಲಿ, ಉಬ್ಬಿದ ನಾಳ

ಈ ಹೊತ್ತು ನಾನು ಮಾತಾಡುವುದು ಬೀಜ ಗೊಬ್ಬರದ ವಿಚಾರವಲ್ಲ. ಮನುಷ್ಯನ ಈಲಿಯ ವಿಚಾರ. ಯಕೃತ್ತು, ಲಿವರ್ ಎಂದರೂ ಅದೇ. ಗೊಬ್ಬರದ ಮನುಷ್ಯನಿಗೆ ಈ ಮಾತು ಯಾಕೆ ಅನ್ನುತ್ತೀರಿ. ನಮ್ಮ ಸೋದರಮಾವನ ಮನೆಯಲ್ಲಿ ನಡೆದದ್ದು ಇದನ್ನು ಆಡಿಸುತ್ತಿದೆ. ಡಾಕ್ಟರು ಬಿಡಿಸಿ ಹೇಳಿದ್ದನ್ನು ನಮ್ಮ ಗದ್ದೆಯ ಮಾತಿನಲ್ಲಿ ಹೇಳುತ್ತೇನೆ.

ಮಾವ ಹೆಂಡ ಸಾರಾಯಿ ಮುಟ್ಟಿದವರಲ್ಲ. ಒಂದು ಸುಗ್ಗಿಯಲ್ಲಿ ನಾಲ್ಕು ದಿನ ಅವರಿಗೆ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋಯಿತು. “ಉಷ್ಣ ಕಣೋ” ಅಂದರು. “ಮಜ್ಜಿಗೆ ಕುಡೀರಿ ಮಾವ” ಅಂದೆ ನಾನೂ. ಐದನೆಯ ರಾತ್ರಿ ಒಂದು ಚೊಂಬಿನಷ್ಟು ರಕ್ತ ವಾಂತಿಯಾಯಿತು. ಒಬ್ಬರು ಮಾಟ ಅಂದರು. ಇನ್ನೊಬ್ಬರು, ಕದ್ದು ಕುಡೀತಿದ್ದ ಅಂದರು. ಆ ಮಾತಿಗೇ ನಾಚಿ ಅತ್ತೆ ಅವರನ್ನು ಆಸ್ಪತ್ರೆಗೆ ಕಳಿಸಲು ಬೆಳಗಿನವರೆಗೆ ಹಿಂದೆಗೆದರು. ಅಲ್ಲಿ ತಿಳಿದದ್ದೇ ಬೇರೆ. ಹೆಪಟೈಟಿಸ್ ಬಿ ಎಂಬ ವೈರಸ್ಸು ವರ್ಷಗಟ್ಟಲೆ ಸದ್ದಿಲ್ಲದೆ ಒಳಗಿದ್ದು ಈಲಿಯನ್ನು ಗಂಟುಗಂಟಾಗಿ ಗಟ್ಟಿ ಮಾಡಿತ್ತು. ಇದೇ ಸಿರೋಸಿಸ್. ಹೆಂಡದಿಂದ ಬರುವುದು ನಿಜ. ಹೆಪಟೈಟಿಸ್ ಸಿ ಇಂದಲೂ, ಈಲಿಯಲ್ಲಿ ಕೊಬ್ಬು ತುಂಬುವುದರಿಂದಲೂ ಬರುತ್ತದೆ.

ಈಲಿ ಗಟ್ಟಿಯಾದರೆ ಬಾಯಲ್ಲಿ ರಕ್ತವೇಕೆ? ಕೆರೆಯ ಕೆಳಗೆ ಗದ್ದೆ ಮಾಡುವವರಿಗೆ ಇದು ಬೇಗ ತಿಳಿಯುತ್ತದೆ. ಹೊಟ್ಟೆ, ಕರುಳು, ಗುಲ್ಮಗಳ ರಕ್ತವೆಲ್ಲ ಪೋರ್ಟಲ್ ನಾಳವೆಂಬ ಒಂದೇ ದೊಡ್ಡ ಕಾಲುವೆಗೆ ಸೇರಿ ಈಲಿಗೆ ಹರಿಯುತ್ತದೆ. ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ರಕ್ತ ಈಲಿಗೆ ಬಂದರೆ ಅದರಲ್ಲಿ ಮುಕ್ಕಾಲು ಪಾಲು ಈ ಕಾಲುವೆಯದೇ. ಅದು ಒಳಗಿನ ಕಿರುನಾಳಗಳಲ್ಲಿ ಜಿನುಗಿ ಆಚೆ ಹೋಗಬೇಕು. ಸಿರೋಸಿಸ್ಸಿನಲ್ಲಿ ಅವಕ್ಕೆ ಹೂಳು ತುಂಬಿದಂತಾಗುತ್ತದೆ. ಅಷ್ಟೇ ಅಲ್ಲ, ನಾಳಗಳ ನಡತೆಯೇ ಕೆಡುತ್ತದೆ. ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ವಸ್ತುವನ್ನು ಬಿಟ್ಟು ನಾಳವನ್ನು ಸಡಿಲ ಮಾಡುತ್ತದೆ. ಈಲಿಯೊಳಗೆ ಅದು ಕಡಮೆಯಾಗಿ ನಾಳ ಬಿಗಿಯುತ್ತದೆ. ಕರುಳಿನ ಕಡೆ ಅದೇ ಹೆಚ್ಚಾಗಿ ನಾಳ ಅಗಲವಾಗುತ್ತದೆ. ಮುಂದೆ ಕಾಲುವೆ ಹೂತಿದೆ, ಮೇಲುಗಡೆ ತೂಬನ್ನು ಇನ್ನಷ್ಟು ಎತ್ತಿದ್ದಾರೆ! ಇದಕ್ಕಿಂತ ಕೆಟ್ಟ ನೀರಗಂಟಿ ಉಂಟೆ?

ಒತ್ತಡ ಏರಿದ ರಕ್ತ ಅಡ್ಡದಾರಿ ಹಿಡಿಯುತ್ತದೆ. ಅನ್ನನಾಳದ ಕೆಳತುದಿಯ ತೆಳು ನಾಳಗಳು ಕರೆಯುವ ಎಮ್ಮೆಯ ಹಾಲಿನ ನರದಂತೆ ಉಬ್ಬುತ್ತವೆ. ಈಲಿಯ ಈಚೆ ಆಚೆ ಇರುವ ಒತ್ತಡದ ಅಂತರ ಪಾದರಸದ ಅಳತೆಯಲ್ಲಿ ಸಹಜವಾಗಿ 1ರಿಂದ 5 ಮಿಲಿಮೀಟರ್. 10 ಮುಟ್ಟಿದರೆ ನಾಳ ಉಬ್ಬತೊಡಗಬಹುದು. 12 ದಾಟಿದರೆ ಒಡೆಯುವ ಭಯ. ಒಡೆದ ರಕ್ತ ಮೇಲೆ ಬಂದರೆ ವಾಂತಿ, ಕರುಳಿಗಿಳಿದರೆ ಕಪ್ಪು ಮಲ. ಇತ್ತ ಅಗಲವಾದ ನಾಳಗಳಲ್ಲಿ ರಕ್ತ ತಂಗುವುದರಿಂದ, ಮೈಯಲ್ಲಿ ನೀರೇ ಸಾಲದೆಂದು ಮೂತ್ರಪಿಂಡ ಮೋಸಹೋಗಿ ಉಪ್ಪನ್ನೂ ನೀರನ್ನೂ ಹಿಡಿದಿಡುತ್ತದೆ. ಜಲೋದರ ಆಗುವುದು ಹೀಗೆ. ಉಪ್ಪು ಕಡಮೆ ಮಾಡಿ ಎನ್ನುವುದು ಇದಕ್ಕೇ.

ಮಾವನಿಗೆ ಬಾಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ ಉಬ್ಬಿದ ನಾಳಕ್ಕೆ ರಬ್ಬರ್ ಉಂಗುರ ಬಿಗಿದರು. ಆಮೇಲೆ ಪ್ರೊಪ್ರನೊಲಾಲ್ ಮಾತ್ರೆ. ತೂಬನ್ನು ತಗ್ಗಿಸುವ ಮದ್ದು ಅನ್ನಿ. ಇದರಿಂದ ಮತ್ತೆ ರಕ್ತ ಬರುವುದು ಕಡಮೆಯಾಗುತ್ತದೆಂದು ಫ್ರಾನ್ಸಿನ ವೈದ್ಯರು 1981ರಲ್ಲೇ ಪ್ರಕಟಿಸಿದ್ದರು. ಯಾರಿಗೆ, ಎಷ್ಟು ಎಂಬುದು ಡಾಕ್ಟರ ಕೆಲಸ. ಪಕ್ಕದ ಮನೆಯ ಮಾತ್ರೆ ನುಂಗಬೇಡಿ. ಮೈಕೈ ನೋವಿನ ಮಾತ್ರೆಯನ್ನೂ ಇಂಥ ರೋಗಿಗೆ ಕೇಳದೆ ಕೊಡಬಾರದು.

ಹೆಪಟೈಟಿಸ್ ಬಿ ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ ಹರಡದು. ರಕ್ತ, ಸೂಜಿ, ಕ್ಷೌರದ ಬ್ಲೇಡು, ಗಂಡುಹೆಣ್ಣಿನ ಕೂಟ, ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ, ಹೀಗೆ ಹರಡುತ್ತದೆ. ಕೂಸು ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಮಾವನ ಮನೆಯವರೆಲ್ಲ ರಕ್ತ ಕೊಟ್ಟರು. ಹಿರಿಮಗನಲ್ಲೂ ವೈರಸ್ಸು ಸಿಕ್ಕಿತು. ಅವನ ಈಲಿ ಇನ್ನೂ ಮೆತ್ತಗಿದೆ, ಮಾತ್ರೆ ತಪ್ಪಿಸದೆ ನುಂಗುತ್ತಿದ್ದಾನೆ.

ಕಬ್ಬಿಣದ ಮಾತ್ರೆ ತಿಂದರೂ ಮಲ ಕಪ್ಪಾಗುವುದುಂಟು. ಆದರೆ ಡಾಂಬರಿನಂತೆ ಅಂಟಿ ನಾರುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ. ರಕ್ತ ವಾಂತಿಯಾದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕದೆ, 108ಕ್ಕೆ ಫೋನು ಮಾಡಿ.