ಬ್ಯಾರೇಜ್ ಸಿದ್ದು: ಒಂದು ನೆನಪು



ಮುಂಬಯಿಯಲ್ಲಿರುವ ಕೃಷ್ಣಾ ತೀರದ ನಮ್ಮ ಜನ ಬೇಸಿಗೆಯಲ್ಲಿ ಊರಿಗೆ ಫೋನ್ ಮಾಡಿದರೆ ಮನೆಮಂದಿಯ ಆರೋಗ್ಯ ಕೇಳುತ್ತಾರೆ. ಆಮೇಲೆ ಕೇಳುವ ಮಾತು ಒಂದೇ: 'ಹೊಳಿಗೆ ನೀರೈತೇನು?' ಇಂದು ನಾನು ನೆನೆಯಬೇಕೆಂದಿರುವ ವ್ಯಕ್ತಿ ಈ ಪ್ರಶ್ನೆಗೆ ತಾನೇ ಉತ್ತರ ಹುಡುಕಿದವರು. ಜಮಖಂಡಿಯ ಶಾಸಕರಾಗಿದ್ದ ಸಿದ್ದು ನ್ಯಾಮಗೌಡರು. ಊರ ಜನರಿಗೆ ಅವರು 'ಬ್ಯಾರೇಜ್ ಸಿದ್ದು'. ಅವರು ತೀರಿಕೊಂಡದ್ದು 2018ರ ಮೇ 28ರಂದು.

ಕೃಷ್ಣೆ ಹುಟ್ಟುವುದು ಇಲ್ಲಿಯೇ, ನಾವು ರಜೆಗೆ ಹೋಗುವ ಮಹಾಬಳೇಶ್ವರದಲ್ಲಿ. ಮಳೆಗಾಲದಲ್ಲಿ ಅಲ್ಲಿ ಸುರಿದ ನೀರು ಜಮಖಂಡಿ ಸೀಮೆಯಲ್ಲಿ ದಂಡೆ ಮೀರಿ ಹರಿಯುತ್ತದೆ. ಆದರೆ ದೀಪಾವಳಿ ದಾಟಿದ ಮೇಲೆ ಹೊಳೆ ಇಳಿಯುತ್ತಾ ಹೋಗುತ್ತದೆ. ಏಪ್ರಿಲ್, ಮೇ ಬಂತೆಂದರೆ ಮರಳೇ ಮರಳು. ದಂಡೆಯಲ್ಲಿ ಪಂಪ್‌ಸೆಟ್ ಇದೆ, ಎದುರಿಗೆ ಹೊಳೆ ಇದೆ, ಎತ್ತಲು ನೀರಿಲ್ಲ. ಹೊಳೆಸಾಲಿನ ರೈತನ ಕಷ್ಟ ಬಯಲುಸೀಮೆಯ ರೈತನ ಕಷ್ಟಕ್ಕಿಂತ ಬೇರೆ. ಇವನು ಮಳೆಗಾಲದಲ್ಲಿ ಕಣ್ಣೆದುರೇ ಹರಿದುಹೋಗುವ ನೀರನ್ನು ನೋಡುತ್ತಾ ನಿಲ್ಲಬೇಕು.

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. ಕೆಳಗಡೆ ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರಲ್ಲಿ. ಅದು ಪೂರ್ತಿಯಾಗಲು ನಾಲ್ಕು ದಶಕ ಹಿಡಿಯಿತು. ಅಷ್ಟು ಕಾಲ ಕಾಯುವುದೆಂದರೆ ಒಬ್ಬ ರೈತನ ಬಾಳೇ ಮುಗಿದುಹೋಗುತ್ತದೆ. ಜಮಖಂಡಿಯವರು ಕಾಯಲಿಲ್ಲ. ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡರು. ಮುಂದೆ ನಿಂತವರು ಸಿದ್ದು ನ್ಯಾಮಗೌಡರು. ಚಿಕ್ಕಪಡಸಲಗಿಯ ಹತ್ತಿರ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಎದ್ದಿತು. ಅದು 1989. ಖರ್ಚು ಸುಮಾರು ಒಂದು ಕೋಟಿ ರೂಪಾಯಿ. ರೈತರೇ ವಂತಿಗೆ ಕೊಟ್ಟರು, ರೈತರೇ ಮೈಮುರಿದು ದುಡಿದರು. ಅದಕ್ಕೆ ಇಟ್ಟ ಹೆಸರು 'ಶ್ರಮಬಿಂದು ಸಾಗರ'. ಬೆವರ ಹನಿಗಳ ಸಾಗರ! ರೈತರು ತಾವಾಗಿಯೇ ಕಟ್ಟಿಕೊಂಡ ದೇಶದ ಮೊದಲ ಬ್ಯಾರೇಜು ಎಂದು ಅದು ಹೆಸರಾಯಿತು.

ಬ್ಯಾರೇಜು ಅಣೆಕಟ್ಟಿನಂತಲ್ಲ. ಪ್ರವಾಹ ಬಂದಾಗ ಬಾಗಿಲು ತೆರೆದಿರುತ್ತವೆ, ನೀರು ತನ್ನ ಪಾಡಿಗೆ ಸಾಗುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬಾಗಿಲು ಹಾಕುತ್ತಾರೆ. ಹೊಳೆಯ ಪಾತ್ರದಲ್ಲೇ ನೀರು ಹಿಂದಕ್ಕೆ ನಿಂತುಕೊಳ್ಳುತ್ತದೆ. ದಂಡೆಯ ಪಂಪ್‌ಸೆಟ್‌ಗಳಿಗೆ ಕೆಲಸ ಸಿಗುತ್ತದೆ, ಆಸುಪಾಸಿನ ಬಾವಿಗಳಲ್ಲೂ ನೀರು ಉಳಿಯುತ್ತದೆ. ಕೇಳಲು ಸರಳ. ಆದರೆ ನೂರಾರು ರೈತರನ್ನು ಒಂದು ಮಾತಿಗೆ ತರುವುದು, ಅವರ ಕಿಸೆಯ ದುಡ್ಡನ್ನು ಹೊಳೆಗೆ ಹಾಕಿಸುವುದು, ಅದು ಹುಡುಗಾಟವಲ್ಲ. ನಮ್ಮಲ್ಲಿ ಸಂಘದ ಪಟ್ಟಿ ಎತ್ತಿದವರಿಗೆ ಅದರ ಕಷ್ಟ ಗೊತ್ತು.

ಎರಡು ವರ್ಷದಲ್ಲಿ ಲೋಕಸಭೆ ಚುನಾವಣೆ ಬಂತು. 1991ರಲ್ಲಿ ಬಾಗಲಕೋಟೆ ಕ್ಷೇತ್ರಕ್ಕೆ ಜನತಾದಳದಿಂದ ನಿಂತವರು ರಾಮಕೃಷ್ಣ ಹೆಗಡೆ. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ, ದೇಶಕ್ಕೆಲ್ಲ ಗೊತ್ತಿದ್ದ ಮುಖ. ಎದುರಿಗೆ ಕಾಂಗ್ರೆಸ್ಸಿನಿಂದ ನ್ಯಾಮಗೌಡರು. ಗೆದ್ದವರು ನ್ಯಾಮಗೌಡರೇ. ದಿಲ್ಲಿಯ ಪಂಡಿತರು ಅಚ್ಚರಿಪಟ್ಟಿರಬಹುದು, ಬ್ಯಾರೇಜು ಕಂಡ ಹೊಳೆಸಾಲಿನ ಜನರಿಗೆ ಅದು ಅಷ್ಟು ದೊಡ್ಡ ಒಗಟಾಗಿರಲಿಕ್ಕಿಲ್ಲ. ಪಿ.ವಿ. ನರಸಿಂಹರಾಯರ ಸರ್ಕಾರದಲ್ಲಿ ಅವರು ಕಲ್ಲಿದ್ದಲು ಖಾತೆಯ ಉಪಮಂತ್ರಿಯಾದರು.

ಅವರ ಇನ್ನೊಂದು ಮುಖ ಉದ್ಯಮಿಯದು. ಹೊಳೆಗೆ ನೀರು ನಿಂತರೆ ಹೊಲಕ್ಕೆ ಕಬ್ಬು ಬರುತ್ತದೆ. ಕಬ್ಬು ಬಂದರೆ ನುರಿಸಲು ಕಾರ್ಖಾನೆ ಬೇಕಾಗುತ್ತದೆ. ಹಿರೇಪಡಸಲಗಿಯಲ್ಲಿ ಜಮಖಂಡಿ ಶುಗರ್ಸ್ ಕಟ್ಟಿದವರೂ ಅವರೇ. ಚಿಕ್ಕಪಡಸಲಗಿಯಲ್ಲಿ ನೀರು, ಹಿರೇಪಡಸಲಗಿಯಲ್ಲಿ ಸಕ್ಕರೆ! ಎರಡೂ ಊರಿನ ಹೆಸರಿನ ಜೊತೆ ಒಬ್ಬನೇ ಮನುಷ್ಯನ ಹೆಸರು ಸೇರಿಕೊಂಡಿತು.

ಹೊಗಳಿಕೆ ಮಾತ್ರ ಹೇಳಿದರೆ ಶ್ರದ್ಧಾಂಜಲಿ ಅರ್ಧವಾಗುತ್ತದೆ. ಕಬ್ಬು ಬಹಳ ನೀರು ಕುಡಿಯುವ ಬೆಳೆ. ನೀರು ಹೆಚ್ಚಾದಲ್ಲಿ ಕರಿಮಣ್ಣು ಸವಳಾಗುವುದನ್ನೂ ಆ ಸೀಮೆ ಕಂಡಿದೆ. ಕಬ್ಬಿನ ನಾಡಿನಲ್ಲಿ ಬೆಳೆಗಾರನಿಗೂ ಕಾರ್ಖಾನೆಗೂ ದರದ ಜಗಳ ಪ್ರತಿ ಹಂಗಾಮಿಗೂ ಇದ್ದದ್ದೇ. ರೈತ ಸಂಘಟಕರಾಗಿದ್ದವರು ಕಾರ್ಖಾನೆ ನಡೆಸುವವರಾದರೆ, ಮೇಜಿನ ಎರಡೂ ಬದಿಯಲ್ಲಿ ಕೂತಂತಾಗುತ್ತದೆ. ಅದು ಸುಲಭದ ಜಾಗವಲ್ಲ. ಆದರೂ ಆ ಬರಡು ಬೇಸಿಗೆಯಲ್ಲಿ ಮೊದಲು ಬೇಕಾದದ್ದು ನೀರು. ಅದನ್ನು ತಂದವರ ಋಣ ದೊಡ್ಡದು.

ಜಮಖಂಡಿ ಅವರನ್ನು 2013ರಲ್ಲಿ ವಿಧಾನಸಭೆಗೆ ಕಳಿಸಿತು. 2018ರ ಮೇ 15ರ ಫಲಿತಾಂಶದಲ್ಲಿ ಸ್ವಲ್ಪ ಅಂತರದಿಂದ ಮತ್ತೆ ಗೆದ್ದರು. ಯಾವ ಪಕ್ಷಕ್ಕೂ ಬಹುಮತ ಬಾರದೆ, ಬೆಂಗಳೂರಿನಲ್ಲಿ ಒಬ್ಬೊಬ್ಬ ಶಾಸಕನ ಎಣಿಕೆ ನಡೆದಿದ್ದ ದಿನಗಳವು. ಹೊಸ ಸರ್ಕಾರ ವಿಶ್ವಾಸಮತ ಗೆದ್ದ ಮೇಲೆ ಅವರು ದಿಲ್ಲಿಗೆ ಹೋಗಿದ್ದರು. ಅಲ್ಲಿಂದ ಗೋವಾಕ್ಕೆ ಬಂದು, ಕಾರಿನಲ್ಲಿ ಊರಿನ ಕಡೆ ಹೊರಟಿದ್ದರು. ಬಾಗಲಕೋಟೆಯ ಹತ್ತಿರ ತುಳಸಿಗೇರಿಯಲ್ಲಿ ನಸುಕಿನ ಹೊತ್ತು ಅಪಘಾತವಾಯಿತು. ಗೆದ್ದು ಹದಿಮೂರೇ ದಿನವಾಗಿತ್ತು. ಅದೇ ನವೆಂಬರ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಮಗ ಆನಂದ ನ್ಯಾಮಗೌಡ ಸುಮಾರು 39 ಸಾವಿರ ಮತಗಳಿಂದ ಗೆದ್ದರು. ತಂದೆಗೆ ಜನ ಸಲ್ಲಿಸಿದ ಕೊನೆಯ ನಮಸ್ಕಾರವೂ ಅದರಲ್ಲಿತ್ತು ಎನ್ನಬೇಕು.

ಬಂಧುಗಳೇ, ಇದನ್ನೆಲ್ಲ ಇಲ್ಲಿ ಕುಳಿತು ಏಕೆ ಹೇಳುತ್ತಿದ್ದೇನೆ? ಈ ಮುಂಬಯಿಯಲ್ಲಿ ನಮ್ಮ ಹಿರಿಯರು ಹೋಟೆಲಿನ ಹುಡುಗರಿಗಾಗಿ ರಾತ್ರಿಶಾಲೆ ಕಟ್ಟಿದ್ದೂ ಇದೇ ದಾರಿಯಲ್ಲಿ. ಯಾರೋ ಕೊಡುತ್ತಾರೆ ಎಂದು ಅವರು ಕೂರಲಿಲ್ಲ, ಕೈಲಾದಷ್ಟು ಕೂಡಿಸಿದರು. ಶಾಸಕ, ಮಂತ್ರಿ, ಮಾಲೀಕ ಎಂಬ ಪದವಿಗಳು ನ್ಯಾಮಗೌಡರಿಗೆ ಬಂದವು, ಹೋದವು. ಜನ ಕೊನೆತನಕ ಅವರ ಹೆಸರಿನ ಹಿಂದೆ ಇಟ್ಟುಕೊಂಡದ್ದು ಮಾತ್ರ 'ಬ್ಯಾರೇಜ್' ಎಂಬ ಪದ. ಅದಕ್ಕಿಂತ ದೊಡ್ಡ ಬಿರುದು ಯಾವ ವಿಶ್ವವಿದ್ಯಾಲಯವೂ ಕೊಡಲಾರದು.

ಈ ಸಲ ಊರಿಗೆ ಹೋದಾಗ, ಆ ದಾರಿಯಾಗಿದ್ದರೆ, ಚಿಕ್ಕಪಡಸಲಗಿಯಲ್ಲಿ ಒಂದು ಗಳಿಗೆ ಇಳಿದು ನೋಡಿ. ಅಲ್ಲಿ ನಿಂತ ನೀರಿನಲ್ಲಿ ಮಹಾಬಳೇಶ್ವರದ ಮಳೆಯೂ ಇದೆ, ಜಮಖಂಡಿಯ ರೈತರ ಬೆವರೂ ಇದೆ.